ಮಾರ್ಲಾಳ ಮೊದಲ ಪಿಸ್ತೂಲು

ಹಳ್ಳದ ಸೇತುವೆಯ ಆಚೆ ತನ್ನ ಕಾರನ್ನು ಇಬ್ಬರು ಅಡ್ಡಗಟ್ಟಿದ ಸಂಗತಿಯನ್ನು ಮಾರ್ಲಾ ಮನೆಯಲ್ಲಿ ಹೇಳಿದ್ದು ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಾ, ಯಾರ ಮುಖವನ್ನೂ ನೋಡದೆ.

"ಔಷಧಿ ಚೀಲ ಕೊಡು ಅಂದ್ರು. ಕೊಟ್ಟೆ. ಅದರಲ್ಲೇನಿತ್ತು? ಹತ್ತಿ, ಪಟ್ಟಿ, ಬಿಪಿ ನೋಡೋ ಯಂತ್ರ. ನೋವಿನ ಮಾತ್ರೆ ಎಲ್ಲಿಟ್ಟಿದೀಯ ಅಂತ ಒಬ್ಬ ಸೀಟಿನ ಕೆಳಗೆಲ್ಲ ಕೈ ಹಾಕಿ ತಡಕಾಡಿದ. ಸಿಗಲಿಲ್ಲ. ಚೀಲಾನ ಹಳ್ಳಕ್ಕೆಸೆದು ಹೋದ್ರು. ಅಷ್ಟೇ."

"ಅಷ್ಟೇ ಅಂತೀಯಲ್ಲಮ್ಮ!" ಹದಿನೈದು ವರ್ಷದ ಮಗಳು ಲೇನಿ ಪುಸ್ತಕ ಮುಚ್ಚಿದಳು. "ಪೊಲೀಸ್‌ಗೆ ಹೇಳಿದ್ಯಾ?"

"ಬಂದಿದ್ರು, ಬರ್ಕೊಂಡ್ರು. ಆ ದಾರಿಗೆ ಅವರ ಗಾಡಿ ಬರೋಕೆ ನಲವತ್ತು ನಿಮಿಷ ಬೇಕಂತೆ."

"ಮತ್ತೇನಂದ್ರು ಆ ಕಳ್ಳರು?"

ಮಾರ್ಲಾಳ ಕೈಯಲ್ಲಿದ್ದ ಚಾಕು ನಿಂತಿತು. "ಹೋಗ್ತಾ ಹೋಗ್ತಾ ಒಬ್ಬ, 'ಚರ್ಚಿನ ಹಿಂದಿನ ಹಸಿರು ಮನೆಯವಳಲ್ವಾ ನೀನು' ಅಂದ."

ಮೇಜಿನ ಆ ತುದಿಯಲ್ಲಿ ಕೂತಿದ್ದ ಮಾವ ಆರ್ವಿಲ್ ಕಾಫಿ ಬಟ್ಟಲನ್ನು ಕೆಳಗಿಟ್ಟರು. ಕೈ ನಡುಗಿ ಒಂದಿಷ್ಟು ಕಾಫಿ ಹಾಸಿನ ಮೇಲೆ ಚೆಲ್ಲಿತು. ಹೆಂಡತಿ ನೆಲ್ಡಾ ತೀರಿಕೊಂಡು ಎಂಟು ತಿಂಗಳಾಗಿತ್ತು. ಗುಡ್ಡದ ಮೇಲಿನ ಮನೆಗೆ ಬೀಗ ಹಾಕಿ ಮಗನ ಮನೆಗೆ ಬಂದ ಮೇಲೆ ಅವರಾಡಿದ ಮಾತುಗಳನ್ನು ಒಂದು ಬೊಗಸೆಯಲ್ಲಿ ಹಿಡಿಯಬಹುದಿತ್ತು.

ಮಾರ್ಲಾ ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು. ಗುಡ್ಡಗಳ ಸಂದಿಯಲ್ಲಿ, ಜಲ್ಲಿ ರಸ್ತೆಗಳ ತುದಿಯಲ್ಲಿ ಇರುವವರೇ ಅವಳ ರೋಗಿಗಳು. ಹುಟ್ಟಿ ಬೆಳೆದದ್ದು ಸೇಂಟ್ ಲೂಯಿಸ್ ಪಟ್ಟಣದಲ್ಲಿ, ಬಂದೂಕೆಂದರೆ ಬೆಚ್ಚಿಬೀಳುತ್ತಿದ್ದ ತಾಯಿಯ ಕೈಯಲ್ಲಿ. ಮದುವೆಯಾಗಿ ಈ ಓಝಾರ್ಕ್ ಗುಡ್ಡಗಳಿಗೆ ಬಂದು ಹದಿನೇಳು ವರ್ಷ. ಇಲ್ಲಿ ಕೊಡೆ ನೇತುಹಾಕಿದಂತೆ ಬಾಗಿಲ ಹಿಂದೆ ಬಂದೂಕು ನೇತುಹಾಕುತ್ತಾರೆ. ಅವಳು ಮಾತ್ರ ಇದುವರೆಗೆ ಒಂದನ್ನೂ ಮುಟ್ಟಿರಲಿಲ್ಲ.

ಮೂರು ದಿನವಾದ ಮೇಲೆ ಆ ಕಳ್ಳರ ಗಾಡಿಯಂಥದೇ ಒಂದು ಗಾಡಿ ಮನೆಯ ಮುಂದಿನ ದಾರಿಗೆ ತಿರುಗಿ, ಒಂದು ಕ್ಷಣ ನಿಂತು, ಹಿಂದಕ್ಕೆ ಹೋಯಿತು. ಬಟ್ಟೆ ಒಣಹಾಕುತ್ತಿದ್ದ ಮಾರ್ಲಾ ಒಳಗೆ ಬಂದು ಗಂಡನಿಗೆ ಫೋನ್ ಮಾಡಿದಳು. ರಾಯ್ಸ್ ಲಾರಿ ಓಡಿಸುವವನು. ಆಗ ಎರಡು ದಿನದ ದಾರಿಯಾಚೆ ವಯೋಮಿಂಗ್‌ನಲ್ಲಿದ್ದ.

"ಒಂದು ಪಿಸ್ತೂಲು ತಗೋಬೇಕು ಅಂತಿದೀನಿ," ಎಂದಳು.

"ಕೊನೆಗೂ ನಮ್ಮೂರವಳಾದೆ ಬಿಡು!" ರಾಯ್ಸ್ ನಕ್ಕ. "ದೊಡ್ಡದೇ ತಗೋ. ಅಪ್ಪನ್ನ ಕರ್ಕೊಂಡು ಹೋಗು. ಈ ಕೌಂಟೀಲಿ ಅವರಷ್ಟು ತಿಳಿದೋರು ಯಾರಿದಾರೆ?"

ಊಟಕ್ಕೆ ಕೂತಾಗ ವಿಷಯ ಎತ್ತಿದಳು. ಬೀನ್ಸಿನ ಸಾರು, ಜೋಳದ ಹಿಟ್ಟಿನ ಬ್ರೆಡ್ಡು, ಹುರಿದ ಬೆಂಡೆಕಾಯಿ.

"ಬೇಡ," ಎಂದರು ಆರ್ವಿಲ್.

"ಯಾಕೆ ಮಾವ?"

"ನಾಯಿ ಸಾಕು. ದೀಪ ಹಾಕ್ಸು."

"ನಾಯೀನ ರೋಗಿಗಳ ಮನೆಗೆ ಕರ್ಕೊಂಡು ಹೋಗ್ಲಾ?"

"ನಾನೂ ಬೇಡ ಅಂತೀನಿ," ಎಂದಳು ಲೇನಿ. "ಬಂದೂಕಿನವನು ನುಗ್ಗಿದ್ರೆ ಏನು ಮಾಡಬೇಕು ಅಂತ ಸ್ಕೂಲಲ್ಲಿ ತಿಂಗಳಿಗೊಂದ್ಸಲ ದೀಪ ಆರಿಸಿ, ಮೂಲೇಲಿ ಕೂರಿಸಿ, ಉಸಿರು ಬಿಡಬೇಡಿ ಅಂತಾರೆ. ಮನೇಲೂ ಅದೇನಾ?"

"ಅವರು ನಮ್ಮನೆ ಬಣ್ಣ ಹೇಳಿದಾರೆ ಲೇನಿ!"

"ಹಂಗಿದ್ರೆ ಬಣ್ಣ ಬದಲಾಯಿಸು!"

ಆ ಮಾತಿಗೆ ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಆರ್ವಿಲ್ ಎದ್ದು ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟು ಕೋಣೆಗೆ ಹೋದರು. ಬ್ರೆಡ್ಡನ್ನು ಮುಟ್ಟಿರಲಿಲ್ಲ. ಮಾರ್ಲಾಳಿಗೆ ಸಿಟ್ಟು ಬಂತು. ಬದುಕಿಡೀ ಬೇಟೆಯಾಡಿದ ಮನುಷ್ಯ, ಗುರಿಯ ಪಂದ್ಯಗಳಲ್ಲಿ ಬಹುಮಾನ ಗೆದ್ದು ಗೆದ್ದು ಇಡಲು ಜಾಗವಿಲ್ಲದೆ ಕೋಳಿಗೂಡಿನಲ್ಲಿ ಇಟ್ಟವರು. ವಸಂತದಲ್ಲಿ ಕಣ್ಣು ಮಂಜಾಯಿತೆಂದು ಇದ್ದ ಬಂದೂಕುಗಳನ್ನೆಲ್ಲ ಭಾವಮೈದುನ ಕ್ಲೋವಿಸ್‌ಗೆ ಕೊಟ್ಟುಬಿಟ್ಟರು, ಸರಿ. ಆದರೆ ಸೊಸೆಗೆ ಒಂದು ಮಾತು ಹೇಳಿಕೊಡಲು ಏನು ಕಷ್ಟ?

ಅವಳು ಒಬ್ಬಳೇ ಹೋದಳು. ದನಗಳ ಮೇವು ಮಾರುವ ಅಂಗಡಿಯ ಹಿಂಭಾಗದಲ್ಲಿ ಬಂದೂಕು ಮಾರುವ ಗಾಜಿನ ಮೇಜು. ಅದನ್ನು ನೋಡಿಕೊಳ್ಳುವವಳು ಅರುವತ್ತು ದಾಟಿದ ವನೀಟಾ, ಮೂಗಿನ ತುದಿಯಲ್ಲಿ ಕನ್ನಡಕ. ಮಾರ್ಲಾ ಸೇತುವೆಯ ಸಂಗತಿ ಹೇಳಿ, ಗಾಜಿನೊಳಗೆ ಕಂಡ ಅಂಗೈಯಗಲದ ಪುಟಾಣಿ ಪಿಸ್ತೂಲೊಂದನ್ನು ತೋರಿಸಿದಳು.

"ಎಲ್ಲರೂ ಮೊದಲು ಅದನ್ನೇ ಕೇಳ್ತಾರೆ," ಎಂದಳು ವನೀಟಾ, ಮೇಜಿನ ಮೇಲೆ ಟವೆಲು ಹಾಸುತ್ತಾ. "ಚಿಕ್ಕ ಮರಿ, ಏನು ಮಾಡೀತು ಅಂತ. ಚಿಕ್ಕದೇ ಜಾಸ್ತಿ ಒದೆಯೋದು ಕಣೆ. ತೂಕ ಇಲ್ವಲ್ಲ, ಒದೆತ ಎಲ್ಲ ನಿನ್ನ ಕೈಗೇ. ಎರಡು ಸಲ ಹೊಡೆದು ಮೂರನೇ ಸಲ ಕಣ್ಮುಚ್ಚಿಕೊಳ್ತೀಯ. ಎಲ್ಲಿಟ್ಕೊತೀಯ ಇದನ್ನ?"

"ಚೀಲದಲ್ಲಿ."

"ಅವರು ಕಿತ್ಕೊಂಡಿದ್ದು ಏನನ್ನ?"

ಮಾರ್ಲಾ ಭುಜದ ಮೇಲಿದ್ದ ಚೀಲವನ್ನು ನೋಡಿಕೊಂಡಳು.

"ಮೈ ಮೇಲಿರಬೇಕು. ನಿನ್ನ ನರ್ಸು ಪೈಜಾಮಕ್ಕೆ ಬೆಲ್ಟಿಲ್ಲ, ಹೊಟ್ಟೆಗೆ ಕಟ್ಟೋ ಪಟ್ಟಿ ಬರುತ್ತೆ. ರೋಗಿಗಳ ಮನೆಯೊಳಗೆ?"

"ಆಫೀಸಿನವರು ಬಿಡಲ್ಲ. ಕಾರಲ್ಲೇ ಬೀಗ ಹಾಕಿಡಬೇಕು."

"ಹಾಗಾದ್ರೆ ಕಾರಿಗೂ ಒಂದು ಪೆಟ್ಟಿಗೆ. ಮನೇಲಿ ಯಾರ್ಯಾರಿದಾರೆ?"

"ಹದಿನೈದರ ಮಗಳು."

"ಮತ್ತೆ?"

"ಗಂಡ ಬಂದು ಹೋಗ್ತಿರ್ತಾನೆ. ಮಾವ ಇದಾರೆ. ಅವರಿಂದೇನು ತೊಂದ್ರೆ? ಅವರು ಬಂದೂಕು ಹಿಡ್ಕೊಂಡೇ ಹುಟ್ಟಿದವರು. ಆರ್ವಿಲ್ ಟ್ಯಾಕೆಟ್."

ವನೀಟಾ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. "ಆರ್ವಿಲ್ ಮನೇಲಿದ್ದೂ ನನ್ನ ಹತ್ರ ಬಂದ್ಯಾ? ಕರ್ಕೊಂಡು ಬಾ. ಹಿಂದಿನ ಕಲ್ಲುಗಣೀಲಿ ಹೊಡೆದು ನೋಡ್ದೆ ನಾನು ಯಾರಿಗೂ ಮಾರಲ್ಲ. ಚಪ್ಪಲಿ ಕೊಳ್ಳುವಾಗ ಕಾಲಿಟ್ಟು ನೋಡ್ತೀವಿ, ಇದನ್ನ ನೋಡಬೇಡವಾ?"

ಮನೆಗೆ ಬಂದು ಮಾರ್ಲಾ ಕೋಳಿಗಳಿಗೆ ಕಾಳು ಹಾಕುತ್ತಿದ್ದ ಮಾವನ ಎದುರು ನಿಂತಳು.

"ಮಾವ, ನೀವು ಬಂದ್ರೂ ತಗೊತೀನಿ, ಬರದಿದ್ರೂ ತಗೊತೀನಿ. ಬರದಿದ್ರೆ ತಪ್ಪಾದದ್ದನ್ನ ತಗೊತೀನಿ."

ಆರ್ವಿಲ್ ಕಾಳಿನ ಡಬ್ಬಿಯನ್ನು ಬಗ್ಗಿಸಿ ಬಡಿದರು. "ನೆಲ್ಡಾನೂ ಹಿಂಗೇ ಹೆದರಿಸ್ತಿದ್ಲು," ಎಂದರು. ಡಬ್ಬಿಯ ಮುಚ್ಚಳ ಹಾಕುತ್ತಾ, "ಶನಿವಾರ ಬೆಳಗ್ಗೆ," ಎಂದರು.

ಶನಿವಾರ ಕಲ್ಲುಗಣಿಯ ಗೋಡೆಗಳ ಮೇಲೆ ಹಿಮದ ಪುಡಿ ಬಿದ್ದಿತ್ತು. ಜಿಂಕೆ ಬೇಟೆಯ ಕಾಲ ಹತ್ತಿರವಾಗಿದ್ದರಿಂದ ನಾಲ್ಕಾರು ಗಂಡಸರು ತಮ್ಮ ಬಂದೂಕುಗಳ ಗುರಿ ಸರಿಮಾಡಿಕೊಳ್ಳುತ್ತಿದ್ದರು. ಆರ್ವಿಲ್‌ರನ್ನು ಕಂಡು ಟೋಪಿ ಎತ್ತಿದರು. "ಈ ಸಲ ಜಿಂಕೆಗೆ ಬರ್ತೀರಾ ಆರ್ವಿಲ್?" ಅವರು ತಲೆಯಾಡಿಸಿದರು, ಬರುತ್ತಾರೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ.

ವನೀಟಾ ನಾಲ್ಕನ್ನು ತಂದಿಟ್ಟಿದ್ದಳು. ಪುಟಾಣಿಯನ್ನು ಹಾರಿಸಿದಾಗ ಮಾರ್ಲಾಳ ಮಣಿಕಟ್ಟು ಝುಮ್ಮೆಂದಿತು; ಮೂರನೆಯ ಸಲ ವನೀಟಾ ಹೇಳಿದಂತೆಯೇ ಕಣ್ಣು ಮುಚ್ಚಿದಳು. ಐದು ಗುಂಡಿನ ರಿವಾಲ್ವರಿನಲ್ಲಿ ಟ್ರಿಗರನ್ನು ಎಳೆಯುವಷ್ಟರಲ್ಲಿ ಬೆರಳು ಸೋತು ಗುರಿ ಎತ್ತಲೋ ಹೋಯಿತು. ಮೂರನೆಯದರ ಮೇಲ್ಭಾಗವನ್ನು ಹಿಂದಕ್ಕೆಳೆಯಲು ಅವಳ ಕೈಗೆ ಬಲ ಸಾಲಲಿಲ್ಲ.

"ಎಳೀಬೇಡ," ಎಂದರು ಆರ್ವಿಲ್. ಅವರು ಬೆಳಗಿನಿಂದ ಆಡಿದ ಮೊದಲ ಮಾತು ಅದು. "ಮೇಲಿನ ಕೈ ಗಟ್ಟಿಯಾಗಿ ಹಿಡಿ, ಕೆಳಗಿನ ಕೈಲಿ ಮುಂದಕ್ಕೆ ತಳ್ಳು. ಬೆರಳು ಹೊರಗೆ. ಹೊರಗೆ ಅಂದೆ! ಗುರಿ ನೋಡೋವರೆಗೂ ಬೆರಳಿಗೆ ಅಲ್ಲಿ ಕೆಲಸ ಇಲ್ಲ. ಪಿಸ್ತೂಲಿನ ಬಾಯಿ ಯಾವಾಗ್ಲೂ ಗುಡ್ಡದ ಕಡೆ. ಇದು ಖಾಲಿ ಅಂತ ಯಾರು ಹೇಳಿದ್ರೂ ನಂಬಬೇಡ. ನಾನು ಹೇಳಿದ್ರೂ ನಂಬಬೇಡ."

"ನೀವೊಂದ್ಸಲ ತೋರಿಸಿ ಮಾವ."

ಅವರು ನಾಲ್ಕನೆಯದನ್ನು ನೋಡಿದರು. ಚಿಕ್ಕದೂ ಅಲ್ಲ ದೊಡ್ಡದೂ ಅಲ್ಲದ ಕಪ್ಪು ಪಿಸ್ತೂಲು. ಕೈ ಚಾಚುವಾಗ ಎಂದಿನಂತೆ ಬೆರಳುಗಳು ನಡುಗುತ್ತಿದ್ದವು. ಹಿಡಿದರು. ನಡುಕ ನಿಂತುಹೋಯಿತು. ಮಾರ್ಲಾ ಇಪ್ಪತ್ತು ವರ್ಷ ಸೂಜಿ ಚುಚ್ಚಿದವಳು, ಕೈಗಳ ವಿಷಯ ಬಲ್ಲವಳು. ಇಂಥದ್ದನ್ನು ಅವಳು ಕಂಡಿರಲಿಲ್ಲ. ಬಾಗಿದ್ದ ಬೆನ್ನು ನೆಟ್ಟಗಾಯಿತು. ಮುಖದಿಂದ ಎಂಟು ತಿಂಗಳು ಜಾರಿಬಿದ್ದವು. ಐದು ಸದ್ದು, ಗಡಿಯಾರ ಹೊಡೆದಂತೆ ಒಂದೇ ಅಂತರದಲ್ಲಿ. ದೂರದ ಕಾಗದದ ನಡುವೆ ಒಂದೇ ಒಂದು ತೂತು, ಅಂಚು ಹರಿದ ಒಂದು ನಾಣ್ಯದಷ್ಟು.

ಬೇಟೆಗಾರರು ತಮ್ಮ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಒಬ್ಬ ಮೆಲ್ಲಗೆ ಶಿಳ್ಳೆ ಹಾಕಿದ. ಮಾರ್ಲಾ ಕಾಗದದ ಆ ತೂತನ್ನೇ ನೋಡಿದಳು. ಕಣ್ಣು ಮಂಜಾಯಿತು ಅಂದವರು ಇವರೇನಾ?

ಆರ್ವಿಲ್ ಗುಂಡು ತೆಗೆದು, ಎರಡು ಸಲ ಒಳಗೆ ಇಣುಕಿ ನೋಡಿ, ಪಿಸ್ತೂಲನ್ನು ಟವೆಲಿನ ಮೇಲಿಟ್ಟರು. ಸುಟ್ಟುಕೊಂಡವರಂತೆ ಕೈ ಹಿಂದಕ್ಕೆಳೆದುಕೊಂಡರು. "ಇದು ನಿನಗಾಗುತ್ತೆ," ಎಂದಷ್ಟೇ ಹೇಳಿ ಹೋಗಿ ಗಾಡಿಯಲ್ಲಿ ಕೂತರು.

ಮಾರ್ಲಾ ಅದರಲ್ಲೇ ಐವತ್ತು ಗುಂಡು ಹಾರಿಸಿದಳು. ಕೊನೆಯ ಹತ್ತು ಕಾಗದದ ಮೇಲೇ ಬಿದ್ದವು. "ಇದನ್ನ ನಿನ್ನ ಹೆಸರಲ್ಲಿ ಎತ್ತಿಟ್ಟಿರ್ತೀನಿ," ಎಂದಳು ವನೀಟಾ. "ಇನ್ನೂ ಎರಡು ಶನಿವಾರ ಬಂದು ಕಲಿ, ಆಮೇಲೆ ಕಾಗದ ತುಂಬಿ ತಗೊಂಡು ಹೋಗು."

ಆ ಎರಡು ವಾರ ಮಾರ್ಲಾ ಒಂದು ಬಗೆಯ ಹುರುಪಿನಲ್ಲಿದ್ದಳು. ಮಾಂಸದ ಉಂಡೆ ಬೇಯಿಸುವಾಗಲೂ ಹೆಬ್ಬೆರಳುಗಳನ್ನು ಒಂದರ ಪಕ್ಕ ಒಂದಿಟ್ಟು ಹಿಡಿತ ನೋಡಿಕೊಳ್ಳುವಳು. "ಚಮಚದಲ್ಲಿ ಯಾರಿಗೆ ಗುರಿ ಇಡ್ತಿದೀಯ?" ಎಂದು ಲೇನಿ ರೇಗಿಸುವಳು. ಆರ್ವಿಲ್ ಮಾತ್ರ ಇನ್ನಷ್ಟು ಕಡಿಮೆ ಉಣ್ಣತೊಡಗಿದರು. ಮರಗೆಲಸದ ಸಾಮಾನುಗಳನ್ನು ಪಕ್ಕದ ಮನೆಯವನಿಗೆ ಕೊಟ್ಟರು. ಕೋಳಿಗೂಡಿನ ಮಾಡನ್ನು ಯಾರೂ ಕೇಳದೆ ರಿಪೇರಿ ಮಾಡಿ, ನೀರಿನ ಪೈಪು ಎಲ್ಲಿ ಹೂತಿದೆ ಎಂದು ಲೇನಿಗೆ ತೋರಿಸಿದರು. ಮನೆ ಚೊಕ್ಕಟವಾಗುತ್ತಿದೆ ಎಂದು ಮಾರ್ಲಾ ಸಂತೋಷಪಟ್ಟಳು.

ಎರಡನೆಯ ಶುಕ್ರವಾರ ಮಧ್ಯಾಹ್ನ ಇಬ್ಬರೂ ಒಗೆದ ಬಟ್ಟೆ ಮಡಿಸುತ್ತಿದ್ದರು.

"ನಾಳೆ ತರ್ತೀನಿ ಮಾವ. ಮಂಚದ ಪಕ್ಕ ಇಡ್ತೀನಿ. ನಾಲ್ಕು ಗುಂಡಿ ಒತ್ತಿದ್ರೆ ತೆರೆಯೋ ಪೆಟ್ಟಿಗೆ. ನಾನು ಸ್ನಾನಕ್ಕೋ ಎಲ್ಲಿಗೋ ಹೋದಾಗ ಯಾರಾದ್ರೂ ಬಂದ್ರೆ ನೀವು ತಗೋಬಹುದು. ನಂಬರು ಏನು ಗೊತ್ತಾ, ಲೇನಿ..."

"ಹೇಳಬೇಡ."

"ಏನು?"

"ನಂಬರು ನನಗೆ ಹೇಳಬೇಡ." ಅವರು ಟವೆಲಿನ ಅಂಚಿಗೆ ಅಂಚು ಸೇರಿಸುತ್ತಿದ್ದರು. "ಲೇನಿ ಹುಟ್ಟಿದ ದಿನ ಇಡಬೇಡ. ನಿಮ್ಮ ಮದುವೆ ದಿನಾನೂ ಬೇಡ. ನನಗೆ ಗೊತ್ತಿರೋ ಯಾವುದೂ ಬೇಡ."

"ಯಾಕೆ ಮಾವ?"

"ಮಾರ್ಚಿನಲ್ಲಿ ಒಂದು ಬೆಳಗ್ಗೆ ಕೊಟ್ಟಿಗೇಲಿ ಕೂತಿದ್ದೆ. ಹಳೇ ರಿವಾಲ್ವರು ತೊಡೆ ಮೇಲಿತ್ತು. ಎಷ್ಟು ಹೊತ್ತು ಕೂತಿದ್ನೋ. ಕ್ಲೋವಿಸ್ ಏಣಿ ಕೇಳ್ಕೊಂಡು ಬಂದ, ಹೊರಗೆ ನಿಂತು ಕೂಗಿದ. ಏಣಿ ಕೊಡಬೇಕಲ್ಲ ಅಂತ ಎದ್ದೆ. ಅಷ್ಟೇ ತಾಯಿ. ಏಣಿಯಿಂದಾಗಿ ಎದ್ದೆ. ಅವತ್ತೇ ಎಲ್ಲಾನೂ ಅವನ ಗಾಡಿಗೆ ತುಂಬಿದೆ. ಕಣ್ಣು ಕಾಣಲ್ಲ ಅಂದೆ."

ಮಾರ್ಲಾಳ ಕೈಯಲ್ಲಿ ಲೇನಿಯ ಕಾಲುಚೀಲ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಕಣ್ಣು ಸರಿಯಾಗಿದೆ," ಎಂದರು ಆರ್ವಿಲ್. "ಕೈಯೂ ಸರಿಯಾಗಿದೆ, ಅವತ್ತು ನೀನೇ ನೋಡಿದ್ಯಲ್ಲ. ಅದೇ ನನಗೆ ಭಯ."

ವಾರಕ್ಕೆ ಹತ್ತು ಮನೆಗಳಲ್ಲಿ ಹತ್ತು ಮುದುಕರಿಗೆ ಅವಳು ಕಾಗದ ನೋಡಿ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ತನ್ನ ಮೇಜಿಗೆ ದಿನಾ ಮೂರು ಹೊತ್ತು ಬಂದು ಕೂರುವವರನ್ನು ಒಮ್ಮೆಯೂ ಕೇಳಿರಲಿಲ್ಲ.

"ಈಗಲೂ ಹಾಗನ್ಸುತ್ತಾ ಮಾವ? ಸಾಯಬೇಕು ಅಂತ?"

"ಕೆಲವು ಬೆಳಗ್ಗೆ." ಅವರು ಅವಳ ಮುಖ ನೋಡಿದರು. "ಈ ಎರಡು ವಾರ ಜಾಸ್ತಿ."

ಎಪ್ಪತ್ತಮೂರು ವರ್ಷದ, ಯಾರ ಮುಂದೂ ತಲೆ ಬಗ್ಗಿಸದ ಮನುಷ್ಯ, ಟವೆಲು ಮಡಿಸುತ್ತಾ ಇದನ್ನು ಹೇಳಿದರು. ಕಲ್ಲುಗಣಿಯಲ್ಲಿ ಕಂಡದ್ದು ಅವಳಿಗೆ ಈಗ ತೀರ ಸಣ್ಣದೆನಿಸಿತು. ಐದು ಗುಂಡನ್ನು ಒಂದೇ ತೂತಿನಲ್ಲಿ ಹಾಯಿಸುವವರು ಇನ್ನೂ ಇಬ್ಬರು ಮೂವರು ಸಿಕ್ಕಾರು. ಈ ಮಾತು ಆಡುವ ಗಂಡಸನ್ನು ಈ ಗುಡ್ಡಗಳಲ್ಲಿ ಅವಳು ಒಬ್ಬನನ್ನೂ ಕಂಡಿರಲಿಲ್ಲ.

"ಹಂಗಿದ್ರೆ ಪಿಸ್ತೂಲೇ ಬೇಡ," ಎಂದಳು. "ವನೀಟಾಗೆ ಫೋನ್ ಮಾಡ್ತೀನಿ."

"ಮಾಡು. ಆಮೇಲೆ ಸೋಮವಾರ ಆ ಸೇತುವೆ ಹೇಗೆ ದಾಟ್ತೀಯ? ನನ್ನಿಂದಾಗಿ ನೀನು ಬರಿಗೈಲಿ ಹೋಗೋದಾ?"

"ನಿಮಗಿಂತ ನನಗೆ ಸೇತುವೆ ಹೆಚ್ಚಾ?"

"ಕೂಗಾಡಬೇಡ!"

"ಕೂಗಾಡ್ತೀನಿ! ಎಂಟು ತಿಂಗಳು ಕೂಗಾಡದೇ ಇದ್ದದ್ದೇ ತಪ್ಪಾಯ್ತು!" ಅಳು ಬಂತು. ಅಳುತ್ತಲೇ ಬೈದಳು. "ಉಪ್ಪು ಸಾಲಲ್ಲ ಅಂತ ಹೇಳಿ, ಸಾರು ಚೆನ್ನಾಗಿಲ್ಲ ಅಂತ ಹೇಳಿ, ಏನಾದ್ರೂ ಹೇಳಿ!"

"ಸಾರು ಚೆನ್ನಾಗೇ ಇರುತ್ತೆ," ಎಂದರು ಆರ್ವಿಲ್ ಗಲಿಬಿಲಿಗೊಂಡು. "ಬ್ರೆಡ್ಡು ಒಣಕಲು."

ಅವಳು ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು.

ಆ ದಿನವೇ ಅವಳು ಡಾಕ್ಟರಿಗೆ ಫೋನ್ ಮಾಡಿದಳು. ಸಂಜೆಯೊಳಗೇ ಮಾವನನ್ನು ಕರೆದುಕೊಂಡು ಹೋದಳು. ವನೀಟಾಗೂ ಹೇಳಿದಳು: ಈಗ ಬೇಡ, ಇನ್ನೂ ಇಟ್ಟಿರು. ಯಾಕೆಂದು ವನೀಟಾ ಕೇಳಲಿಲ್ಲ. "ಅದು ಎಲ್ಲಿಗೂ ಓಡಿಹೋಗಲ್ಲ," ಎಂದಳು. ರಾಯ್ಸ್‌ಗೆ ಫೋನಿನಲ್ಲಿ ವಿಷಯ ತಿಳಿದಾಗ ಅವನು ಲಾರಿಯನ್ನು ಮನೆಯ ಕಡೆ ತಿರುಗಿಸಿದ. ಭಾನುವಾರ ಮಧ್ಯಾಹ್ನ ಲಾರಿ ಸಮೇತ ಮನೆ ಮುಂದೆ ಬಂದಿಳಿದ. ಅಪ್ಪ ಮಗ ಕೋಳಿಗೂಡಿನ ಹತ್ತಿರ ನಿಂತಿದ್ದರು. ಅಡುಗೆಮನೆಯ ಕಿಟಕಿಯಿಂದ ಮಾರ್ಲಾಳಿಗೆ ಮಾತು ಕೇಳುತ್ತಿತ್ತು.

"ನನಗ್ಯಾಕೆ ಹೇಳಲಿಲ್ಲ ಅಪ್ಪ?"

"ನೀನು ಫೋನ್ ಮಾಡಿದಾಗಲೆಲ್ಲ 'ಚೆನ್ನಾಗಿದೀರಾ' ಅಂತ ಕೇಳ್ತಿದ್ದೆ. ಆ ಪ್ರಶ್ನೆಗೆ ಉತ್ತರ ಒಂದೇ ಅಲ್ವೇನೋ."

ರಾಯ್ಸ್ ಮೂರು ವಾರ ಮನೆಯಲ್ಲೇ ಉಳಿದ. ಸೇತುವೆಯಾಚೆಗಿನ ರೋಗಿಗಳ ಮನೆಗೆ ಮಾರ್ಲಾಳನ್ನು ಅವನೇ ಬಿಟ್ಟು ಬಂದ. ಆರ್ವಿಲ್ ಬೆಳಗ್ಗೆ ಒಂದು ಮಾತ್ರೆ ನುಂಗುತ್ತಿದ್ದರು, ಗುರುವಾರ ಗುರುವಾರ ಪಟ್ಟಣಕ್ಕೆ ಹೋಗಿ ಮನಸ್ಸಿನ ಕಷ್ಟ ಕೇಳುವ ಒಬ್ಬ ಹೆಂಗಸಿನ ಎದುರು ಒಂದು ಗಂಟೆ ಕೂತು ಬರುತ್ತಿದ್ದರು. "ಏನು ಮಾತಾಡ್ತೀಯ ತಾತ?" ಎಂದು ಲೇನಿ ಕೇಳಿದರೆ, "ನೆಲ್ಡಾ ಮಾಡ್ತಿದ್ದ ಕಡುಬಿನ ಬಗ್ಗೆ," ಎನ್ನುವರು. ಕ್ರಿಸ್‌ಮಸ್ಸಿಗೆ ಮೊದಲು ಹಂದಿಮಾಂಸದ ತುಂಡನ್ನು ಎರಡನೆಯ ಸಲ ಬಡಿಸಿಕೊಂಡರು. ಯಾರೂ ಅದನ್ನು ಕಂಡಂತೆ ತೋರಿಸಿಕೊಳ್ಳಲಿಲ್ಲ.

ರಾಯ್ಸ್ ಮತ್ತೆ ಲಾರಿ ಹತ್ತುವ ದಿನ ಬಂತು. ಆ ಇಬ್ಬರು ಇನ್ನೂ ಸಿಕ್ಕಿರಲಿಲ್ಲ. ಪಿಸ್ತೂಲಿನ ಮಾತು ಮತ್ತೆ ಎದ್ದಾಗ ಮೇಜಿನ ಸುತ್ತ ನಾಲ್ವರೂ ಇದ್ದರು. ಈ ಸಲ ಎತ್ತಿದವರು ಆರ್ವಿಲ್.

"ಡಾಕ್ಟರ ಹತ್ರಾನೂ ಮಾತಾಡಿದೀನಿ. ಮನೆಯೊಳಗೆ ಇರೋವಾಗ ಬೀಗದಲ್ಲಿ. ನೀನು ಹೊರಗೆ ಹೋದ್ರೆ ಅದೂ ನಿನ್ನ ಜೊತೆ. ಅದರೊಳಗಿರೋ ಗುಂಡು ಬಿಟ್ರೆ ಗುಂಡಿನ ಡಬ್ಬ ಒಂದೂ ಮನೇಲಿ ಬೇಡ, ವನೀಟಾ ಹತ್ರಾನೇ ಇರಲಿ. ಪೆಟ್ಟಿಗೆ ಗೋಡೆಗೆ ಬೋಲ್ಟ್ ಹಾಕ್ಸು. ಇಷ್ಟಾದ್ರೆ ತಗೋ."

"ಇಷ್ಟಾದ್ಮೇಲೂ ನಿಮಗೆ ಯಾವತ್ತಾದ್ರೂ ಕಷ್ಟ ಆಯ್ತು ಅಂದ್ರೆ?" ಎಂದಳು ಮಾರ್ಲಾ.

"ಹೇಳ್ತೀನಿ. ಅವತ್ತೇ ಅದು ವಾಪಸ್ಸು ಹೋಗಲಿ."

ಲೇನಿ ಮೂವರ ಮುಖವನ್ನೂ ಸರದಿಯಂತೆ ನೋಡಿದಳು. ತಾತನಿಗೆ ಮೈ ಹುಷಾರಿಲ್ಲ ಎಂದಷ್ಟೇ ಅವಳಿಗೆ ಹೇಳಿದ್ದರು.

ಶನಿವಾರ ಮಾರ್ಲಾ ಕಾಗದ ತುಂಬಿ ಸಹಿ ಹಾಕಿದಳು. ವನೀಟಾ ಫೋನಿನಲ್ಲಿ ಅವಳ ಹೆಸರು ಹೇಳಿ ಸರ್ಕಾರದ ಒಪ್ಪಿಗೆ ಪಡೆದು ಪಿಸ್ತೂಲನ್ನು ಕೊಟ್ಟಳು. ಅದೇ ಮಧ್ಯಾಹ್ನ ರಾಯ್ಸ್ ಪೆಟ್ಟಿಗೆಯನ್ನು ಮಲಗುವ ಕೋಣೆಯ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿ, ಲಾರಿಗೆ ಡೀಸೆಲ್ ತುಂಬಿಸಲು ಹೋದ. ಇನ್ನು ನಂಬರು ಹಾಕುವುದೊಂದೇ ಉಳಿದಿತ್ತು. ಸ್ಕ್ರೂಡ್ರೈವರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಆರ್ವಿಲ್ ಹೊರಗೆ ಹೋಗುತ್ತಾರೆಂದು ಮಾರ್ಲಾ ಕಾದಳು. ಅವರು ಹೋಗಲಿಲ್ಲ. ಕೋಣೆಯ ಇನ್ನೊಂದು ಮೂಲೆಗೆ ನಡೆದು, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ಗೋಡೆಗೆ ಮುಖ ಮಾಡಿ ನಿಂತರು.

"ಒತ್ತು," ಎಂದರು. "ಬೋಲ್ಟು ಅಲುಗಾಡಿದ್ರೆ ಈಗಲೇ ಬಿಗಿ ಮಾಡಬೇಕು. ನಾನಿಲ್ಲೇ ಇರ್ತೀನಿ."

ಮಾರ್ಲಾಳ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು. ಎದುರಿಗೆ ಆ ಅಗಲವಾದ ಬೆನ್ನು, ಮೊಣಕೈಯಲ್ಲಿ ತೇಪೆ ಹಾಕಿದ ಅಂಗಿ, ಹಿಂದಕ್ಕೆ ಕಟ್ಟಿಕೊಂಡ ಕೈಗಳು. ಚರ್ಚಿನಲ್ಲಿ ಕೂಡ ಅವಳಿಗೆ ಮಂಡಿಯೂರಬೇಕೆಂದು ಇಷ್ಟು ಬಲವಾಗಿ ಅನ್ನಿಸಿರಲಿಲ್ಲ.

ಲೇನಿ ಒಳಗೆ ಬಂದಳು. "ತಾತ ಯಾಕೆ ಗೋಡೆ ನೋಡ್ಕೊಂಡು ನಿಂತಿದಾನೆ?"

ಮಾರ್ಲಾ ಏನೋ ಒಂದು ಹೇಳಿ ತೇಲಿಸಲು ಬಾಯಿ ತೆರೆದಳು. ಆರ್ವಿಲ್ ಬಿಡಲಿಲ್ಲ.

"ನಿಮ್ಮಮ್ಮ ಬೀಗದ ನಂಬರು ಹಾಕ್ತಿದಾಳೆ. ಅದು ನನಗೆ ಗೊತ್ತಾಗಬಾರದು."

"ಯಾಕೆ?"

"ಗೊತ್ತಿದ್ರೆ ಒಂದು ದಿನ ಪಿಸ್ತೂಲನ್ನ ನನ್ನ ಮೇಲೇ ಎತ್ತಬಹುದು ಅಂತ ನನಗೆ ಭಯ. ಪೂರ್ತಿ ಊಟಕ್ಕೆ ಕೂತಾಗ ಹೇಳ್ತೀನಿ. ನೀನು ಕೇಳಬೇಕಾದ್ದೆಲ್ಲ ಕೇಳು."

ಲೇನಿ ಅಮ್ಮನ ಕಡೆ ನೋಡಲಿಲ್ಲ. ಮೂಲೆಗೆ ಹೋಗಿ ತಾತನ ಪಕ್ಕದಲ್ಲಿ, ಅವರ ತೋಳಿಗೆ ತೋಳು ತಾಗುವ ಹಾಗೆ, ಗೋಡೆಗೆ ಮುಖ ಮಾಡಿ ನಿಂತಳು.

"ನನಗೂ ಗೊತ್ತಾಗೋದು ಬೇಡ," ಎಂದಳು.

ಮಾರ್ಲಾ ಒತ್ತಿದಳು, ಯಾರ ಹುಟ್ಟಿದ ದಿನವೂ ಅಲ್ಲದ, ಯಾರ ಮದುವೆಯ ದಿನವೂ ಅಲ್ಲದ ನಾಲ್ಕು ಅಂಕಿ. ಪೆಟ್ಟಿಗೆ ಟಕ್ಕೆಂದು ಮುಚ್ಚಿಕೊಂಡಿತು. ಬೋಲ್ಟು ಅಲುಗಾಡಲಿಲ್ಲ.

"ಆಯ್ತೇನಮ್ಮ?" ಎಂದರು ಆರ್ವಿಲ್, ಇನ್ನೂ ತಿರುಗದೆ.

"ಆಯ್ತು ಮಾವ. ತಿರುಗಿ."